ಅಪ್ಪನ ಪದ್ಮಿನಿಗೆ ಜಿಪ್ಸಿ ಎಂಜಿನ್ ಕೂರಿಸಿದ್ದು

ಕಳೆದ ತಿಂಗಳು ಒಂದು ಬುಧವಾರ ಬೆಳಿಗ್ಗೆ ನಂದಿಬೆಟ್ಟ ಹತ್ತಿಸಿದೆ. ಗಾಡಿಯಲ್ಲಿ ಐದು ಜನ, ಡಿಕ್ಕಿಯಲ್ಲಿ ತಿಂಡಿ ಡಬ್ಬಿ, ನೀರಿನ ಕ್ಯಾನು. ಬಹುತೇಕ ಮೂರನೇ ಗೇರಿನಲ್ಲೇ ಹೋಯಿತು, ತೀರಾ ಬಿಗಿ ತಿರುವು ಬಂದಾಗ ಮಾತ್ರ ಎರಡಕ್ಕೆ ಇಳಿಸಿದೆ. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ಇದು 1984ರ ಪ್ರೀಮಿಯರ್ ಪದ್ಮಿನಿ, ಜನರ ಬಾಯಲ್ಲಿ ಫಿಯೆಟ್. ಈಗ ಒಳಗಿರುವುದು ಮಾರುತಿ ಜಿಪ್ಸಿ ಜೀಪಿನ ಎಂಜಿನ್. ಇದೇ ಬೆಟ್ಟದ ದಾರಿಯಲ್ಲಿ ಅಪ್ಪ ಎರಡೆರಡು ಕಡೆ ನಿಲ್ಲಿಸಿ, ಬಾನೆಟ್ ಎತ್ತಿ, ಒದ್ದೆ ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತಿರುಗಿಸುತ್ತಿದ್ದುದನ್ನು ಹಿಂದಿನ ಸೀಟಿನಿಂದ ನೋಡುತ್ತಾ ಬೆಳೆದವನು ನಾನು.

'ಜಿಪ್ಸಿ ಎಂಜಿನ್ ಫಿಯೆಟ್‌ಗೆ ಕೂರಲ್ಲ ಸಾರ್. ಕೂತರೂ ಹಿಂದಿನ ಆಕ್ಸಲ್ ಹೌಸಿಂಗ್ ತಡೆಯಲ್ಲ.' ವಿಲ್ಸನ್ ಗಾರ್ಡನ್‌ನಿಂದ ಯಶವಂತಪುರದವರೆಗೆ ನಾನು ಕೇಳಿದ ಮೇಸ್ತ್ರಿಗಳೆಲ್ಲ ಹೇಳಿದ್ದು ಇದೇ ಮಾತು. ಸರಿಯಾಗಿ ಓಡಲು ಶುರುವಾದ ಮೇಲೆ ಹನ್ನೊಂದು ಸಾವಿರ ಕಿ.ಮೀ. ಆಗಿದೆ. ಹೌಸಿಂಗ್ ಫಿಯೆಟ್‌ದೇ, ಅದರೊಳಗಿನ ಹಲ್ಲುಚಕ್ರದ ಜೋಡಿ ಕ್ರೌನ್ ಪಿನಿಯನ್ ಫಿಯೆಟ್‌ದೇ, ಹಲ್ಲು ಒಂದೂ ಹೋಗಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹಳೇ 1089 ಸಿಸಿ ಎಂಜಿನ್ ಎರಡು ಸಲ ಬೋರ್ ಆಗಿತ್ತು, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸಿದ್ದಾಗಿತ್ತು. ಮೂರನೇ ಸಲಕ್ಕೆ ಗೋಡೆ ಉಳಿದಿರಲಿಲ್ಲ. ಸಿಲಿಂಡರ್ ಒಳಗೆ ಹೊಸ ಕೊಳವೆ (ಸ್ಲೀವ್) ಹಾಕಿಸಬಹುದಿತ್ತು, ಆದರೆ ಜೆ.ಸಿ. ರಸ್ತೆಯಲ್ಲಿ ಒಂದು ಕಾಲಕ್ಕೆ ಕೈಗೆ ಸಿಗುತ್ತಿದ್ದ ಫಿಯೆಟ್ ಸಾಮಾನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಸಿಕ್ಕಿದ್ದರಲ್ಲೂ ಅರ್ಧ ನಕಲಿ. ಬದಲಿ ಎಂದಾಗ ಎಲ್ಲರೂ ತೋರಿಸಿದ್ದು ಪ್ರೀಮಿಯರ್ 118 ಎನ್‌ಇ ಕಾರಿನ ನಿಸ್ಸಾನ್ ಎ12 ಎಂಜಿನ್. ಅದು ಸುಲಭ, ಒಪ್ಪುತ್ತೇನೆ. ಆದರೆ ಅದೂ ಹಳೇ ಬಗೆಯ ಪುಶ್‌ರಾಡ್, ಅದೂ ಕಾರ್ಬುರೇಟರ್. ಇಷ್ಟೆಲ್ಲ ಕಷ್ಟಪಟ್ಟು ಮತ್ತೆ ಬೆಳಿಗ್ಗೆ ಚೋಕ್ ಎಳೆಯುವುದು ನನಗೆ ಬೇಡವಾಗಿತ್ತು. ಜಿಪ್ಸಿಯ 1.3 ಲೀಟರ್ ಎಂಜಿನ್ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್), 16 ವಾಲ್ವ್, 80 ಕುದುರೆ ಶಕ್ತಿ. ಪದ್ಮಿನಿಯದು ನಲವತ್ತರ ಆಸುಪಾಸು. ಅಲ್ಯೂಮಿನಿಯಂ ಬ್ಲಾಕ್, ಜಿಪ್ಸಿಯಲ್ಲಿ ಉದ್ದಕ್ಕೆ ಕೂರುತ್ತದೆ, ಹಿಂದಿನ ಚಕ್ರ ತಿರುಗಿಸುತ್ತದೆ. ಇನ್ನೇನು ಬೇಕು?

ಅಪ್ಪ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಬಾಡಿಯಲ್ಲಿ ಏನೂ ಕತ್ತರಿಸಬಾರದು. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರಬೇಕು, ಏಕೆಂದರೆ ಮುಂದಿನ ಉದ್ದ ಸೀಟಿನಲ್ಲಿ ನಡುವೆ ಅಮ್ಮ ಕೂರುತ್ತಾರೆ. ಎರಡನೇ ಷರತ್ತು ನನ್ನ ಒಂದೂವರೆ ವರ್ಷ ತಿಂದಿತು.

ಸ್ಟೀರಿಂಗ್ ಪಕ್ಕದ ಆ ಹ್ಯಾಂಡ್ ಗೇರ್ ಉಳಿಸಲು ಮೊದಲು ಹೊಳೆದದ್ದು ಫಿಯೆಟ್ ಗೇರ್‌ಬಾಕ್ಸನ್ನೇ ಇಟ್ಟುಕೊಂಡು, ಮಧ್ಯೆ ಅಡಾಪ್ಟರ್ ಪ್ಲೇಟ್ ಹಾಕಿ ಜಿಪ್ಸಿ ಎಂಜಿನ್ ಸೇರಿಸುವುದು. ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ 18 ಎಂಎಂ ಪ್ಲೇಟ್ ಕತ್ತರಿಸಿದರು. ನೋಡಲು ಒಡವೆ ಇದ್ದಂತಿತ್ತು. ಗಾಡಿ ಸ್ಟಾರ್ಟ್ ಆಯಿತು, ಓಡಿತು, ಮನೆಮಂದಿಗೆಲ್ಲ ಸಿಹಿ ಹಂಚಿದೆ. ನಾನೂರು ಕಿ.ಮೀ.ಗೆ ಇನ್‌ಪುಟ್ ಬೇರಿಂಗ್ ಕೂಗತೊಡಗಿತು. ಬಿಚ್ಚಿ ಡಯಲ್ ಗೇಜ್ ಇಟ್ಟರೆ ಕ್ರ್ಯಾಂಕ್ ಸೆಂಟರ್‌ಗೂ ಗೇರ್‌ಬಾಕ್ಸ್ ಸೆಂಟರ್‌ಗೂ ಕಾಲು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ. ಸೆಂಟರ್ ಅಲುಗದಂತೆ ಹಿಡಿಯುವ ಡೊವೆಲ್ ಪಿನ್ ಹಾಕದೆ ಬರೀ ಬೋಲ್ಟ್ ತೂತಿನ ಮೇಲೆ ಸೆಂಟರ್ ಹಿಡಿದಿದ್ದರು. ಕೂಡಿಸುವ ಮೊದಲು ಅಳೆಯದೆ ಇದ್ದದ್ದು ನನ್ನ ತಪ್ಪು. ಪ್ಲೇಟ್, ಬೇರಿಂಗ್, ಕ್ಲಚ್ ಪ್ಲೇಟ್ ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ಹೋಯಿತು.

ಆಮೇಲೆ ದಾರಿ ಬದಲಿಸಿದೆ. ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ, ಮಧ್ಯೆ ಒಂದು ಗಿಡ್ಡ ಶಾಫ್ಟ್. ಟ್ರಾನ್ಸ್‌ಫರ್ ಕೇಸ್ ಬಿಟ್ಟುಬಿಟ್ಟರೆ ಕೈಯಲ್ಲಿ ಉಳಿಯುವುದು ಶುದ್ಧ ಹಿಂಚಕ್ರದ ಐದು ಗೇರಿನ ಬಾಕ್ಸ್. ನಾಲ್ಕನೆಯದು ನೇರ, ಐದನೆಯದು ಓವರ್‌ಡ್ರೈವ್, ಅಂದರೆ ಎಂಜಿನ್‌ಗಿಂತ ಶಾಫ್ಟ್ ಜೋರಾಗಿ ತಿರುಗುತ್ತದೆ. ಪದ್ಮಿನಿಯ ಹಿಂದಿನ ಆಕ್ಸಲ್‌ನ ಅನುಪಾತ 4.3, ಶಾಫ್ಟ್ 4.3 ಸುತ್ತಿದರೆ ಚಕ್ರ ಒಂದು ಸುತ್ತು. ಲೆಕ್ಕ ಹಾಕಿದಾಗ ಕಾಗದದ ಮೇಲೆ ಎಷ್ಟು ಚೆನ್ನಾಗಿ ಕೂತಿತೆಂದರೆ ನಾನೇ ಮೂರು ಸಲ ಗುಣಿಸಿ ನೋಡಿದೆ. ಐದನೇ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ 2,400-2,500 ಸುತ್ತು ತಿರುಗಿದರೆ ಸಾಕು. ಮೊದಲು ಇದೇ ವೇಗಕ್ಕೆ ಮೂರು ಸಾವಿರ ದಾಟಿ ಕಿರುಚುತ್ತಿತ್ತು.

ಐದು ಗೇರಿನ ಆ ಬಾಕ್ಸನ್ನು ಫಿಯೆಟ್ ಸ್ಟೀರಿಂಗ್ ಪಕ್ಕದ ಅದೇ ಲಿವರ್‌ನಿಂದ ಹೇಗೆ ಹಾಕುವಂತೆ ಮಾಡಿದೆ ಎಂಬುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎರಡು ಕೇಬಲ್, ಒಂದು ಬೆಲ್‌ಕ್ರ್ಯಾಂಕ್, ಸರಿಯಾದ ಜಾಗಕ್ಕೆ ಒಂದು ಸ್ಪ್ರಿಂಗ್. ಅಷ್ಟೇ. ಆ ಸ್ಪ್ರಿಂಗ್ ಎಲ್ಲಿ ಎಂದು ಹುಡುಕಲು ನನಗೆ ಐದು ತಿಂಗಳು ಹಿಡಿಯಿತು. ಬೆಂಗಳೂರಿನಲ್ಲಿ ಐದು ಗೇರಿನ ಹ್ಯಾಂಡ್ ಗೇರ್ ಪದ್ಮಿನಿ ಇನ್ನೊಂದನ್ನು ನಾನು ಇದುವರೆಗೆ ನೋಡಿಲ್ಲ.

ಶಿವಾಜಿನಗರದ ಗುಜರಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಟ್ಟಿಗೆ ನಲವತ್ತೆಂಟು ಸಾವಿರಕ್ಕೆ ತಂದಿದ್ದೆ, ಬಿಲ್ಲಿನ ಸಮೇತ. ವೈರಿಂಗ್ ಮಾತ್ರ ಎಂಜಿನ್ ಹಿಂದಿನ ತಗಡಿನ ಗೋಡೆ (ಫೈರ್‌ವಾಲ್) ಹತ್ತಿರ ಕಚಕ್ಕನೆ ಕತ್ತರಿಸಿಟ್ಟಿದ್ದರು. ಅರವತ್ತಕ್ಕೂ ಹೆಚ್ಚು ತಂತಿ, ಬಣ್ಣ ಮಾಸಿಹೋಗಿ ಯಾವುದು ಯಾವುದೆಂದು ಗೊತ್ತಾಗದು. ಹತ್ತು ರಾತ್ರಿ ಮಲ್ಟಿಮೀಟರ್ ಹಿಡಿದು ಕೂತೆ. ಕೊನೆಗೆ ಬೇರೆ ಗಾಡಿಯದು ಪೂರ್ತಿ ಹಾರ್ನೆಸ್ (ತಂತಿಗಳ ಕಟ್ಟು) ಏಳು ಸಾವಿರಕ್ಕೆ ಸಿಕ್ಕಿತು. ಅಲ್ಲಿಗೆ ಹತ್ತು ರಾತ್ರಿಯ ಕೆಲಸ ಎರಡು ದಿನಕ್ಕೆ ಮುಗಿಯಿತು. ಗುಜರಿಗೆ ಹೋದಾಗ ಹಾರ್ನೆಸ್ ಗಾಡಿಯಲ್ಲಿ ಇರುವಾಗಲೇ ನಿಂತು ಬಿಚ್ಚಿಸಿಕೊಳ್ಳಿ, ಕನೆಕ್ಟರ್ ಸಮೇತ.

ಎಂಜಿನ್ ಗಾಡಿಯೊಳಗೆ ಇಳಿಸಿದ ದಿನ ಅದರ ಅಡಿಯ ಎಣ್ಣೆ ತೊಟ್ಟಿ (ಸಂಪ್) ಹೋಗಿ ಗಾಡಿಯ ಅಡ್ಡ ತೊಲೆ (ಕ್ರಾಸ್‌ಮೆಂಬರ್) ಮೇಲೆ ಕೂತಿತು. ಬಾಡಿ ಕತ್ತರಿಸುವಂತಿಲ್ಲ. ಸಂಪ್ ಕತ್ತರಿಸಿ, ಪಕ್ಕಕ್ಕೆ ಹೊಟ್ಟೆ ಕೊಟ್ಟು ಬೆಸುಗೆ ಹಾಕಿಸಿದೆ. ಆಯಿಲ್ ಪಿಕಪ್ ಕೊಳವೆಯನ್ನೂ ಅದಕ್ಕೆ ತಕ್ಕಂತೆ ಬಗ್ಗಿಸಬೇಕಾಯಿತು. ಸ್ಟೀರಿಂಗ್ ಬಾಕ್ಸ್‌ನಿಂದ ದೂರ ಇರಲೆಂದು ಎಂಜಿನ್ ಒಂದು ಬೆರಳಷ್ಟು ಎಡಕ್ಕೆ ಸರಿದಿದೆ. ಗೇರ್‌ಬಾಕ್ಸ್ ಮೇಲಿನ ತಗಡಿನ ಟನಲ್‌ನಲ್ಲಿ ಒಂದು ಕಡೆ ಸುತ್ತಿಗೆಯಲ್ಲಿ ತಟ್ಟಿದ್ದು ಬಿಟ್ಟರೆ ಎಲ್ಲ ಬ್ರಾಕೆಟ್ಟೂ ಬೋಲ್ಟ್ ಮೇಲೆ ನಿಂತಿದೆ. ಕಬ್ಬಿಣದ ಎಂಜಿನ್ ಹೋಗಿ ಹಗುರದ್ದು ಬಂದಿದ್ದರಿಂದ ಮೂತಿ ಒಂದಿಂಚು ಮೇಲೆದ್ದು ಮುಂದಿನ ಚಕ್ರಗಳ ಓರೆ (ಕ್ಯಾಂಬರ್) ಕೆಟ್ಟಿತು. ಮುಂದಿನ ಸ್ಪ್ರಿಂಗ್ ಸರಿಮಾಡಿಸಿದ ಮೇಲೆ ಸ್ಟೀರಿಂಗ್ ಮೊದಲಿಗಿಂತ ಹಗುರವಾಯಿತು, ಅಮ್ಮನಿಗೂ ತಿರುಗಿಸಲು ಬರುವಷ್ಟು.

ಇನ್ನು ನಡುಕದ ವಿಚಾರ. ಈ ಇಡೀ ಕೆಲಸದಲ್ಲಿ ನನ್ನನ್ನು ಸೋಲಿಸುವ ಹಂತಕ್ಕೆ ತಂದದ್ದು ಎಂಜಿನ್ ಅಲ್ಲ, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್.

ಪದ್ಮಿನಿಯ ಶಾಫ್ಟ್ ಎರಡು ತುಂಡು, ಮಧ್ಯೆ ಸೆಂಟರ್ ಬೇರಿಂಗ್. ಆ ಬೇರಿಂಗ್ ರಬ್ಬರಿನ ಕಾಟ ಯಾರಿಗೆ ಗೊತ್ತಿಲ್ಲ? ಅದನ್ನು ತೆಗೆದುಹಾಕಿ ಒಂದೇ ಉದ್ದ ಶಾಫ್ಟ್ ಮಾಡಿಸಿದೆ. 65 ದಾಟುತ್ತಿದ್ದಂತೆ ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡಾಗಿ ಕಾಣುವಷ್ಟು ನಡುಕ. ಟೈರು ಎಂದರು, ನಾಲ್ಕೂ ಬದಲಿಸಿದೆ. ಎಂಜಿನ್ ಮೌಂಟ್ ಎಂದರು, ಎರಡು ಸಲ ಬದಲಿಸಿದೆ. ಬ್ಯಾಲೆನ್ಸ್ ಎಂದರು, ಮೂರು ಸಲ ಮಾಡಿಸಿದೆ. 'ನಾವು ಮೊದಲೇ ಹೇಳಿದ್ವಲ್ಲ' ಎನ್ನುವವರ ಮುಖ ನೋಡಲಾಗದೆ ಎರಡು ತಿಂಗಳು ಗಾಡಿಗೆ ಕವರ್ ಹಾಕಿಟ್ಟಿದ್ದೆ. ಗೇರು ಯಾವುದೇ ಇರಲಿ, ಪದ್ಮಿನಿ 80ರಲ್ಲಿ ಹೋಗುವಾಗ ಆ ಶಾಫ್ಟ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತದೆ. ಅಷ್ಟುದ್ದದ ತೆಳು ಕೊಳವೆ ಆ ವೇಗಕ್ಕೆ ನಡುವಲ್ಲಿ ಬಿಲ್ಲಿನಂತೆ ಬಾಗುತ್ತದೆ. ಫಿಯೆಟ್‌ನವರು ಎರಡು ತುಂಡು ಮಾಡಿದ್ದು ಸುಮ್ಮನೆ ಅಲ್ಲ.

ಮತ್ತೆ ಎರಡು ತುಂಡಿಗೆ ಬಂದೆ. ಜಿಪ್ಸಿಯ ಗಿಡ್ಡ ಶಾಫ್ಟ್‌ನ ಯೋಕ್ (ಕವಲಿನ ಜೋಡಣೆ) ಮುಂದೆ, ಫಿಯೆಟ್‌ನ ಫ್ಲ್ಯಾಂಜ್ (ಬೋಲ್ಟ್ ಹಾಕುವ ತಟ್ಟೆ) ಹಿಂದೆ, ಮಧ್ಯೆ ಹೊಸ ಬೇರಿಂಗ್. ನಡುಕ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ಹೋದದ್ದು ಮೊಬೈಲ್‌ನ ಲೆವೆಲ್ ಆ್ಯಪ್ ಹಿಡಿದು ಗಾಡಿಯ ಅಡಿ ಮಲಗಿದಾಗ. ಗೇರ್‌ಬಾಕ್ಸ್ ಬಾಲದ ಕೋನಕ್ಕೂ ಶಾಫ್ಟ್ ಬಂದು ಸೇರುವ ಆಕ್ಸಲ್ ಪಿನಿಯನ್ ಕೋನಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಖಾಲಿ ಗಾಡಿಯಲ್ಲಿ ಅಳೆದು ಸರಿಮಾಡಿದೆ, ಜನ ಕೂತರೆ ಮತ್ತೆ ನಡುಕ. ಆಮೇಲೆ ಹಿಂದಿನ ಸೀಟಿನಲ್ಲಿ ಮೂರು ಮೂಟೆ ಸಿಮೆಂಟ್ ಇಟ್ಟು ಅಳೆದೆ. ಹಿಂದಿನ ಸ್ಪ್ರಿಂಗ್ ಪಟ್ಟಿಗೂ ಆಕ್ಸಲ್‌ಗೂ ನಡುವೆ ಇಳಿಜಾರು ಪ್ಯಾಕಿಂಗ್ ಕೊಟ್ಟೆ. ಎಷ್ಟು ಡಿಗ್ರಿ ಎಂದು ಹೇಳಿದರೆ ನೀವು ಅದನ್ನೇ ಹಾಕುತ್ತೀರಿ. ಬೇಡ. ಪಟ್ಟಿ ಎಷ್ಟು ಸೋತಿದೆ ಎನ್ನುವುದರ ಮೇಲೆ ಗಾಡಿಗೆ ಗಾಡಿ ಬೇರೆ. ಆ ಸಂಜೆ ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ 95 ಮುಟ್ಟಿಸಿದೆ. ಡ್ಯಾಶ್‌ಬೋರ್ಡ್ ಮೇಲಿಟ್ಟ ನಾಣ್ಯ ಅಲ್ಲೇ ಇತ್ತು. ಹೌಸಿಂಗ್ ಮುರಿಯುತ್ತದೆ ಎಂದವರು ನೋಡಿದ ಗಾಡಿಗಳಲ್ಲಿ ಮುರಿದದ್ದೂ ಈ ಕೋನದಿಂದಲೇ ಇರಬೇಕು ಎಂಬುದು ನನ್ನ ಬಲವಾದ ನಂಬಿಕೆ. 80 ಕುದುರೆಯಿಂದಲ್ಲ.

ಬಿಸಿಯ ಕಥೆ ಇನ್ನೊಂದು. ಫಿಯೆಟ್ ರೇಡಿಯೇಟರ್ ಸಾಲದು ಎಂದು ದೊಡ್ಡದು ಮಾಡಿಸಿದೆ, ಆಮೇಲೆ ಅದಕ್ಕಿಂತ ದೊಡ್ಡದು. ಎರಡೂ ದಂಡ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಳ್ಳು ಕೆಂಪಿಗೆ ಹೋಗಿ ಹೆಡ್ ಗ್ಯಾಸ್ಕೆಟ್ ಹಾರಿತು. ಹೆಡ್ ಫೇಸಿಂಗ್, ಗ್ಯಾಸ್ಕೆಟ್, ಕೂಲಿ ಸೇರಿ ಒಂಬತ್ತು ಸಾವಿರ. ರೇಡಿಯೇಟರ್‌ನ ತಲೆ ಎಂಜಿನ್‌ನಿಂದ ಬಿಸಿನೀರು ಬಿಡುವ ಥರ್ಮೋಸ್ಟಾಟ್‌ಗಿಂತ ಕೆಳಗಿತ್ತು, ಗಾಳಿ ಅಲ್ಲೇ ಸಿಕ್ಕಿಕೊಂಡಿತ್ತು. ಫೈರ್‌ವಾಲ್ ಎತ್ತರಕ್ಕೆ ಒಂದು ಹೆಡರ್ ಬಾಟಲ್ (ಎಲ್ಲಕ್ಕಿಂತ ಮೇಲಿರುವ ನೀರಿನ ಬಾಟಲ್) ಕಟ್ಟಿ, ಜಿಪ್ಸಿಯ ಪ್ರೆಷರ್ ಮುಚ್ಚಳವನ್ನು ಅದಕ್ಕೆ ಹಾಕಿ, ಹಳೇ ರೇಡಿಯೇಟರನ್ನೇ ತೊಳೆಸಿ ಕೂರಿಸಿದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಒತ್ತಡವಿಲ್ಲದಿದ್ದರೆ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಗಟ್ಟಿ ಇರಲೇಬೇಕು. ಮಾರುತಿ 800ರ ಫ್ಯಾನನ್ನು ರೇಡಿಯೇಟರ್ ಹಿಂದೆ ಎಳೆಯುವಂತೆ ಹಾಕಿದ್ದೇನೆ. ಮುಂದೆ ಹಾಕಿ ನೂಕಿಸಿ ನೋಡಿದ್ದೆ, ಗಾಳಿ ಅರ್ಧವೂ ಬರಲಿಲ್ಲ.

ಟ್ರಾನ್ಸ್‌ಫರ್ ಕೇಸ್ ತೆಗೆದರೆ ಅದರ ಜೊತೆ ಸ್ಪೀಡೋಮೀಟರ್ ಕೇಬಲ್‌ನ ಜಾಗವೂ ಹೋಗುತ್ತದೆ. ಇದನ್ನು ಮರೆತು ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ನಾನು ಪಿನಿಯನ್ ಫ್ಲ್ಯಾಂಜ್‌ಗೆ ನಾಲ್ಕು ಅಯಸ್ಕಾಂತ ಅಂಟಿಸಿ ಎದುರಿಗೆ ಅವು ಹಾದುಹೋಗುವುದನ್ನು ಎಣಿಸುವ ಹಾಲ್ ಸೆನ್ಸರ್ ಇಟ್ಟೆ. ಎಸ್‌.ಪಿ. ರಸ್ತೆಯಲ್ಲಿ ತಂದ ಪುಟ್ಟ ಬೋರ್ಡ್, ಒಂದು ಸ್ಟೆಪ್ಪರ್ ಮೋಟಾರ್. ಆ ಮೋಟಾರು ಫಿಯೆಟ್‌ನ ಹಳೇ ಮೀಟರನ್ನೇ ತಿರುಗಿಸುತ್ತದೆ. ಖರ್ಚು ಎಂಟುನೂರರ ಹತ್ತಿರ. ಸೆನ್ಸರ್‌ನ ಅದೇ ಸಂಕೇತ ಇಸಿಯುಗೂ ಹೋಗುವುದರಿಂದ ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಎಂಜಿನ್ ಆಫ್ ಆಗುತ್ತಿದ್ದ ಕಾಟವೂ ತಪ್ಪಿತು. ಇದೇ ಬೋರ್ಡ್‌ನಲ್ಲಿ ಇಂಧನ ಲೆಕ್ಕ ತೋರಿಸುವ ಪ್ರಯೋಗವನ್ನೂ ಮಾಡಿದೆ. ಇಂಜೆಕ್ಟರ್ ತೆರೆದಿರುವ ಸಮಯ ಎಣಿಸಿ ಮೈಲೇಜ್ ಹೇಳುವುದು. ಬಂಕಿನ ಲೆಕ್ಕಕ್ಕೆ ನೂರಕ್ಕೆ ಐದರಷ್ಟು ವ್ಯತ್ಯಾಸದಲ್ಲಿ ಬರುತ್ತಿದೆ. ಹೆದ್ದಾರಿಯಲ್ಲಿ 15, ಊರೊಳಗೆ 11-12. ಹಳೇ ಎಂಜಿನ್ ಊರೊಳಗೆ 9 ಕೊಟ್ಟರೆ ಹೆಚ್ಚು.

ಪೆಟ್ರೋಲ್ ಟ್ಯಾಂಕಿನ ಒಳಗೆ ಪೆಟ್ರೋಲ್ ಅತ್ತಿತ್ತ ಹರಿಯದಂತೆ ತಡೆ ಇಲ್ಲ. ಕಾಲು ಟ್ಯಾಂಕ್ ಇರುವಾಗ ತಿರುವಿನಲ್ಲಿ ಪಂಪು ಗಾಳಿ ಕುಡಿಯುತ್ತದೆ, ಎಂಪಿಎಫ್‌ಐ ಅದನ್ನು ಸಹಿಸುವುದಿಲ್ಲ. ಪಂಪಿಗೆ ಯಾವಾಗಲೂ ಪೆಟ್ರೋಲ್ ಸಿಗುವಂತೆ ಒಂದು ಲೀಟರ್‌ನ ಪುಟ್ಟ ಟ್ಯಾಂಕ್ (ಸ್ವರ್ಲ್ ಪಾಟ್) ಮಾಡಿಸಿ, ಮಿಕ್ಕ ಪೆಟ್ರೋಲ್ ಹಿಂದಿರುಗುವ ರಿಟರ್ನ್ ಲೈನ್ ಅದಕ್ಕೇ ಕೊಟ್ಟೆ. ಬ್ರೇಕಿಗೆ ಮಾರುತಿ 800ರ ಬೂಸ್ಟರ್, ಮುಂದೆ ಡಿಸ್ಕ್. ಎರಡರಷ್ಟು ಕುದುರೆ ಹಾಕಿ ಡ್ರಮ್ ಮೇಲೆ ನಂಬಿಕೆ ಇಡುವ ಕೆಲಸ ಯಾರೂ ಮಾಡಬೇಡಿ.

ಕಾಗದದ ವಿಷಯ. ನಾನು 2017ರಲ್ಲಿ ಬಿಲ್ಲು, ಎಂಜಿನ್ ಬಂದ ಗಾಡಿಯ ದಾಖಲೆ ಎಲ್ಲ ಇಟ್ಟು ಅರ್ಜಿ ಹಾಕಿ, ಗಾಡಿ ತೋರಿಸಿ, ಏಳೆಂಟು ಸಲ ಓಡಾಡಿ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿಕೊಂಡೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೇಲೆ ತೀರ್ಪು ಕೊಟ್ಟಿದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಅದರಲ್ಲಿದೆ. ಹಾಗಾಗಿ ಈಗ ಶುರು ಮಾಡುವವರು ಒಂದು ರೂಪಾಯಿ ಖರ್ಚು ಮಾಡುವ ಮೊದಲು ಆರ್‌ಟಿಒದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇರಬೇಕು. ಅಪ್ಪನ ಮೊದಲ ಷರತ್ತಿನ ಬೆಲೆ ನನಗೆ ಗೊತ್ತಾದದ್ದು ಆಗ. ನಮ್ಮ ಗಾಡಿಗೆ 2034ಕ್ಕೆ ಐವತ್ತಾಗುತ್ತದೆ. ಬೇಕೆಂದರೆ ಒಂದು ವಾರದಲ್ಲಿ ಎಲ್ಲ ಬಿಚ್ಚಿ ಹಳೆಯದನ್ನು ಇಳಿಸಬಹುದು.

ಒಟ್ಟು ಖರ್ಚು ಎರಡು ಲಕ್ಷ ನಲವತ್ತು ಸಾವಿರದ ಸುಮಾರು. ಅದರಲ್ಲಿ ಎಂಬತ್ತು ಸಾವಿರ ಶುದ್ಧ ನಷ್ಟ. ಅಡಾಪ್ಟರ್, ಎರಡು ರೇಡಿಯೇಟರ್, ಮೂರು ಶಾಫ್ಟ್, ಬೇಡದ ಟೈರು. ನೇರ ದಾರಿ ಗೊತ್ತಿದ್ದವರು ಒಂದೂವರೆ ಲಕ್ಷದಲ್ಲಿ ಮುಗಿಸಬಹುದು.

ಹಳೇ ಎಂಜಿನ್ ಮೆಟ್ಟಿಲ ಕೆಳಗೆ ಮರದ ಪೆಟ್ಟಿಗೆಯಲ್ಲಿದೆ. ಅಪ್ಪ ತಿಂಗಳಿಗೊಮ್ಮೆ ಪ್ಲಗ್ ತೂತಿನಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟು ಕೈಯಲ್ಲಿ ಅರ್ಧ ಸುತ್ತು ತಿರುಗಿಸುತ್ತಾರೆ. ಅದಕ್ಕೆ ಸ್ಲೀವ್ ಹಾಕಿಸಲು ಬ್ಲಾಕನ್ನು ರಾಜಾಜಿನಗರಕ್ಕೆ ಒಯ್ಯಬೇಕು. ಹೊಸ ಗೇರ್‌ಬಾಕ್ಸ್ ಬಾಲದ ಸೀಲ್ ಸ್ವಲ್ಪ ಒಸರುತ್ತಿದೆ. ದಸರೆಯ ಆಯುಧಪೂಜೆಗೆ ಮೊದಲು ಎರಡೂ ಆಗಬೇಕು.