ಆತ್ಮಹತ್ಯೆಯ ಅಂಕಿಗಳನ್ನು ಸಮಾಜಶಾಸ್ತ್ರದ ಕಣ್ಣಿನಲ್ಲಿ ಓದುವುದು: ನಾನು ಅನುಸರಿಸುವ ಕ್ರಮ

ಆತ್ಮಹತ್ಯೆ ದರದ ಕೋಷ್ಟಕ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಕಾರಣವನ್ನಲ್ಲ. ಈ ಸಾವುಗಳಿಗೆ ಆತ್ಮಹತ್ಯೆ ಎಂಬ ಹೆಸರು ಕೊಟ್ಟವರು ಯಾರು, ಏನನ್ನು ನೋಡಿ ಕೊಟ್ಟರು ಎಂಬುದನ್ನು. ಈ ಪ್ರಶ್ನೆ ಬಿಟ್ಟು ಮುಂದೆ ಹೋದರೆ ಉಳಿದ ಲೆಕ್ಕವೆಲ್ಲ ಎಷ್ಟೇ ಅಚ್ಚುಕಟ್ಟಾಗಿದ್ದರೂ ನಿಲ್ಲುವುದಿಲ್ಲ.

ಬ್ರಿಟನ್ನಿನಲ್ಲಿ ಅಸಹಜ ಸಾವುಗಳ ವಿಚಾರಣೆ ನಡೆಸುವ ಕೊರೋನರ್‌ಗಳ ಕೆಲಸವನ್ನು ಅಭ್ಯಾಸ ಮಾಡಿದ ಮ್ಯಾಕ್ಸ್‌ವೆಲ್ ಅಟ್ಕಿನ್‌ಸನ್ 1978ರಲ್ಲಿ ತೋರಿಸಿದ್ದು ಇದನ್ನೇ. ಪತ್ರ ಸಿಕ್ಕಿತೇ, ಸಾವು ಎಲ್ಲಿ ಹೇಗೆ ಆಯಿತು, ಸತ್ತವರ ಬದುಕು ಹೇಗಿತ್ತು ಎಂಬುದನ್ನು ನೋಡಿ ಅವರು ತೀರ್ಮಾನಕ್ಕೆ ಬರುತ್ತಿದ್ದರು. ಒಂಟಿಯಾಗಿದ್ದರು, ಬೇಸರದಲ್ಲಿದ್ದರು ಎಂದು ತಿಳಿದರೆ ತೀರ್ಪು ಆತ್ಮಹತ್ಯೆಯ ಕಡೆಗೆ ವಾಲುತ್ತದೆ. ಆಮೇಲೆ ನಾವು ಅದೇ ಕೋಷ್ಟಕ ತೆಗೆದು ‘ಒಂಟಿತನಕ್ಕೂ ಆತ್ಮಹತ್ಯೆಗೂ ನಂಟಿದೆ’ ಎಂದರೆ, ಅಧಿಕಾರಿಯ ನಂಬಿಕೆಯನ್ನೇ ಅವನಿಗೆ ತಿರುಗಿ ಒಪ್ಪಿಸಿದಂತೆ. ಅಮೆರಿಕದ ಸಮಾಜಶಾಸ್ತ್ರಜ್ಞ ಜ್ಯಾಕ್ ಡಗ್ಲಸ್ 1967ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು.

ಹಾಗೆಂದು ಅಂಕಿಗಳನ್ನೇ ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ. ದೋಷ ಎಷ್ಟು ದೊಡ್ಡದು ಎಂದು ಅಳೆಯಬಹುದು. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಉದ್ದೇಶಪೂರ್ವಕ ಸ್ವಯಂಹಾನಿಯ ಸಾವುಗಳು ಎಕ್ಸ್60ರಿಂದ ಎಕ್ಸ್84ರವರೆಗಿನ ಸಂಕೇತಗಳಲ್ಲಿವೆ. ಉದ್ದೇಶ ಖಚಿತವಾಗದ ಸಾವುಗಳು ವೈ10ರಿಂದ ವೈ34ರವರೆಗೆ. ನಾನು ದರವನ್ನು ಎರಡು ಸಲ ತೆಗೆಯುತ್ತೇನೆ: ಮೊದಲ ಗುಂಪಿನದು ಒಂದು, ಎರಡೂ ಗುಂಪು ಸೇರಿಸಿ ಇನ್ನೊಂದು. ಮೊದಲ ಲೆಕ್ಕದಲ್ಲಿ ಇನ್ನೊಂದಕ್ಕಿಂತ ಕಡಿಮೆ ದರವಿದ್ದ ಪ್ರದೇಶ ಎರಡನೆಯ ಲೆಕ್ಕದಲ್ಲಿ ಅದನ್ನು ಮೀರಿದರೆ, ಆ ಎರಡು ಪ್ರದೇಶಗಳ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಅಲ್ಲಿ ಕಾಣುವ ವ್ಯತ್ಯಾಸ ಸಮಾಜದ್ದಲ್ಲ, ದಾಖಲೆ ಬರೆಯುವ ರೂಢಿಯದ್ದಾಗಿರಬಹುದು.

ಇನ್ನು ಭಾಜಕ. ದರವೆಂದರೆ ವರ್ಷಕ್ಕೆ ಲಕ್ಷ ಜನರಲ್ಲಿ ಎಷ್ಟು ಸಾವು ಎಂಬುದು. ಒಂದು ಪ್ರದೇಶದಲ್ಲಿ 80,000 ಜನ, ಒಂದು ವರ್ಷದಲ್ಲಿ 12 ಸಾವು ಎಂದುಕೊಳ್ಳೋಣ. ದರ 15. ಮರುವರ್ಷ ಮೂರು ಸಾವು ಹೆಚ್ಚಾದರೆ ದರ 18.75; ‘ಶೇ. 25 ಏರಿಕೆ’ ಎಂಬ ತಲೆಬರಹ ಸಿದ್ಧ. ಆದರೆ 12 ಎಂಬ ಎಣಿಕೆ ಬರೀ ಆಕಸ್ಮಿಕ ಏರಿಳಿತದಿಂದಲೇ 6ರಿಂದ 21ರವರೆಗೆ ಓಲಾಡಬಲ್ಲದು, ಅಂದರೆ ದರ ಸುಮಾರು 8ರಿಂದ 26. ಅದಕ್ಕೇ ಸಣ್ಣ ಪ್ರದೇಶವಾದರೆ ಐದು ವರ್ಷಗಳನ್ನು ಒಟ್ಟುಗೂಡಿಸುತ್ತೇನೆ. ಆಗ 60 ಸಾವು, ದರ ಅದೇ 15, ಓಲಾಟ ಕಿರಿದಾಗಿ ಸುಮಾರು 11.5 ಮತ್ತು 19ರ ನಡುವೆ ನಿಲ್ಲುತ್ತದೆ. 20ಕ್ಕಿಂತ ಕಡಿಮೆ ಸಾವುಗಳ ಮೇಲೆ ನಿಂತ ದರವನ್ನು ನಾನು ಹೋಲಿಕೆಗೆ ಬಳಸುವುದಿಲ್ಲ.

ವಯಸ್ಸಿನ ಹಂಚಿಕೆಯನ್ನು ಸರಿದೂಗಿಸದೆ ಎರಡು ಸಮಾಜಗಳನ್ನು ಪಕ್ಕಪಕ್ಕ ಇಡುವಂತಿಲ್ಲ. ಪ್ರತಿ ವಯೋಗುಂಪಿನ ದರವನ್ನು ಒಂದೇ ಮಾದರಿ ಜನಸಂಖ್ಯೆಯಲ್ಲಿ ಆ ಗುಂಪಿಗಿರುವ ಪಾಲಿನಿಂದ ಗುಣಿಸಿ ಕೂಡಬೇಕು. ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮ್ ಆತ್ಮಹತ್ಯೆಯ ಬಗ್ಗೆ ಬರೆದ 1897ರ ತಮ್ಮ ಗ್ರಂಥದಲ್ಲಿ ಕೊಟ್ಟ ಉದಾಹರಣೆಯೇ ಸಾಕು. ಒಟ್ಟು ಅಂಕಿ ನೋಡಿದರೆ ಮದುವೆಯಾದವರಲ್ಲೇ ಆತ್ಮಹತ್ಯೆ ಹೆಚ್ಚು ಎಂಬಂತೆ ಕಾಣುತ್ತಿತ್ತು. ಮದುವೆಯಾಗದವರ ಲೆಕ್ಕದಲ್ಲಿ ಮಕ್ಕಳೂ ಸೇರಿದ್ದರು, ಮಕ್ಕಳಲ್ಲಿ ಆತ್ಮಹತ್ಯೆ ಅತಿ ವಿರಳ. ಮಕ್ಕಳನ್ನು ತೆಗೆದು ಒಂದೇ ವಯಸ್ಸಿನವರನ್ನು ಹೋಲಿಸಿದಾಗ ಚಿತ್ರವೇ ಮಗುಚಿತು.

ಇಷ್ಟಾದ ಮೇಲೆ ಸಿದ್ಧಾಂತಕ್ಕೆ ಬರುತ್ತೇನೆ. ಡರ್ಖೀಮ್ ಹೇಳಿದ ನಾಲ್ಕು ಬಗೆಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುವವರೇ ಹೆಚ್ಚು. ಅವನ್ನು ಎರಡು ಅಳತೆಗೋಲುಗಳಾಗಿ ಹಿಡಿಯಬೇಕು. ಒಂದು ಬೆಸುಗೆ: ವ್ಯಕ್ತಿ ಗುಂಪಿಗೆ ಎಷ್ಟು ಅಂಟಿಕೊಂಡಿದ್ದಾನೆ. ಅದು ತೀರ ಸಡಿಲವಾದರೆ ಅಹಂಪ್ರಧಾನ ಬಗೆ, ತೀರ ಬಿಗಿಯಾದರೆ ಪರಾರ್ಥ ಬಗೆ. ಇನ್ನೊಂದು ಕಟ್ಟಳೆ: ಆಸೆಗೆ ಸಮಾಜ ಹಾಕುವ ಮಿತಿ. ಅದು ಕಳಚಿದರೆ ಅನಾಮಿ, ಉಸಿರುಗಟ್ಟಿಸುವಷ್ಟಾದರೆ ವಿಧಿವಶ ಬಗೆ. ಈ ಕೊನೆಯದನ್ನು ಅವರು ಅಡಿಟಿಪ್ಪಣಿಯಲ್ಲಷ್ಟೇ ಹೇಳಿದ್ದಾರೆ. (ಅನಾಮಿಯನ್ನು ‘ಅನಾಮಿಕ’ ಎಂದು ಬರೆಯಬೇಡಿ, ಹೆಸರಿಲ್ಲದ್ದು ಎಂಬ ಅರ್ಥ ಬಂದು ಓದುಗರು ದಾರಿ ತಪ್ಪುತ್ತಾರೆ.)

ಕಷ್ಟವಿರುವುದು ಬೆಸುಗೆಯನ್ನು ಅಳೆಯುವುದರಲ್ಲಿ. ಮದುವೆ, ಮಕ್ಕಳು, ಧಾರ್ಮಿಕ ಸಭೆಗೆ ಹೋಗುವುದು ಇವೆಲ್ಲ ಕೈಗೆ ಸಿಗುವ ಗುರುತುಗಳು, ಬೆಸುಗೆಯೇ ಅಲ್ಲ. ಒಂದು ಗುರುತು ಆರಿಸಿದ ಮೇಲೆ ಅದರ ಪ್ರಭಾವವನ್ನು ಇನ್ನೊಂದರಿಂದ ಬಿಡಿಸಿ ನೋಡಬೇಕು. ಡರ್ಖೀಮ್ ಶಿಕ್ಷಣದ ವಿಷಯದಲ್ಲಿ ಮಾಡಿದ್ದು ಇದನ್ನೇ. ಕ್ಯಾಥೊಲಿಕರಿಗಿಂತ ಪ್ರಾಟೆಸ್ಟೆಂಟರಲ್ಲಿ ಶಿಕ್ಷಣವೂ ಹೆಚ್ಚು, ಆತ್ಮಹತ್ಯೆಯೂ ಹೆಚ್ಚು. ಹಾಗಾದರೆ ಓದೇ ಕಾರಣವೇ? ಯಹೂದಿಗಳಲ್ಲಿ ಓದು ಹೆಚ್ಚಿದ್ದೂ ಆತ್ಮಹತ್ಯೆ ಕಡಿಮೆಯಿತ್ತು. ಓದು ತಾನಾಗಿ ಕೊಲ್ಲುವುದಿಲ್ಲ, ಸಮುದಾಯದ ಬೆಸುಗೆ ಸಡಿಲವಾದದ್ದು ಕಾರಣ ಎಂದು ಅವರು ವಾದಿಸಿದರು. ವಾದದ ಕ್ರಮ ಇಂದಿಗೂ ಕಲಿಯುವಂಥದ್ದು. ಆಧಾರದ ಅಂಕಿಗಳ ಮಾತು ಬೇರೆ: ಫ್ರಾನ್ಸ್ ವಾನ್ ಪೊಪೆಲ್ ಮತ್ತು ಲಿಂಕನ್ ಡೇ 1905ರಿಂದ 1910ರವರೆಗಿನ ನೆದರ್‌ಲ್ಯಾಂಡ್ಸ್ ದಾಖಲೆಗಳನ್ನು ನೋಡಿ 1996ರಲ್ಲಿ ಹೇಳಿದ್ದೇನೆಂದರೆ, ಕ್ಯಾಥೊಲಿಕರ ಕಡಿಮೆ ದರವನ್ನು ದಾಖಲೆಯ ರೂಢಿಯೇ ವಿವರಿಸಬಲ್ಲದು, ಅವರ ಎಷ್ಟೋ ಸಾವುಗಳು ‘ಹಠಾತ್ ಸಾವು’, ‘ಕಾರಣ ಸ್ಪಷ್ಟವಿಲ್ಲ’ ಎಂಬ ಕಡೆ ಸೇರಿದ್ದವು.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು, ಪ್ರದೇಶದ ದರದಿಂದ ನೇರ ವ್ಯಕ್ತಿಗೆ ಹಾರುವುದು. ವಿಚ್ಛೇದನ ಹೆಚ್ಚಿರುವ ಜಿಲ್ಲೆಯಲ್ಲಿ ಆತ್ಮಹತ್ಯೆ ಹೆಚ್ಚಿದ್ದರೆ, ಸತ್ತವರು ವಿಚ್ಛೇದಿತರೇ ಎಂದು ಅದರಿಂದ ತಿಳಿಯುವುದಿಲ್ಲ. ವಿಲಿಯಂ ರಾಬಿನ್‌ಸನ್ 1950ರಲ್ಲಿ ಅಮೆರಿಕದ 1930ರ ಜನಗಣತಿಯಿಂದ ಇದನ್ನು ಮುಖಕ್ಕೆ ಹಿಡಿದಂತೆ ತೋರಿಸಿದರು. ವಿದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ, ಎರಡೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ ಸಹಸಂಬಂಧ −0.53. ಬಿಡಿಬಿಡಿ ವ್ಯಕ್ತಿಗಳನ್ನು ತೆಗೆದುಕೊಂಡರೆ +0.12, ಚಿಹ್ನೆಯೇ ತಿರುಗಿತು. ಆದ್ದರಿಂದ ವರದಿ ಬರೆಯುವಾಗ ಪ್ರತಿ ವಾಕ್ಯದ ಕರ್ತೃ ಯಾರು ಎಂದು ಬೆರಳಿಟ್ಟು ನೋಡುತ್ತೇನೆ. ಲೆಕ್ಕ ಜಿಲ್ಲೆಯದಾಗಿದ್ದರೆ ವಾಕ್ಯದ ಕರ್ತೃವೂ ಜಿಲ್ಲೆಯೇ ಆಗಿರಬೇಕು.

ಇಂದಿನ ಸಮಾಜಕ್ಕೆ ಈ ಸಿದ್ಧಾಂತ ಒಗ್ಗುತ್ತದೆಯೇ? ಒಗ್ಗುತ್ತದೆ, ಆದರೆ ‘ಸಂಬಂಧ ಹೆಚ್ಚಿಸಿ, ಆತ್ಮಹತ್ಯೆ ತಗ್ಗುತ್ತದೆ’ ಎಂಬ ಸುಲಭ ಸೂತ್ರವಾಗಿ ಅಲ್ಲ. ಅನ್ನಾ ಮುಲ್ಲರ್ ಮತ್ತು ಸೇತ್ ಅಬ್ರುಟಿನ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಒಂದು ಒಗ್ಗಟ್ಟಿನ ಸಮುದಾಯದ್ದು. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಮಕ್ಕಳು ಓದಿನಲ್ಲಿ ಮುಂದಿರಬೇಕೆಂಬ ನಿರೀಕ್ಷೆ ಗಟ್ಟಿ. ಸೋಲು ಕೂಡಲೇ ಎಲ್ಲರ ಬಾಯಿಗೆ ಬೀಳುವುದರಿಂದ ಹದಿಹರೆಯದವರು ಸಂಕಟವನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡರು. ಬಿಗಿಯಾದ ಬೆಸುಗೆಯೇ ಸಹಾಯದ ಬಾಗಿಲು ಮುಚ್ಚಿತು. ಹಾಗಾಗಿ ಈಗ ನಾನು ಸಂಬಂಧಗಳನ್ನು ಎಣಿಸಿ ಬಿಡುವುದಿಲ್ಲ. ಆ ಸಂಬಂಧದಲ್ಲಿ ಸೋಲನ್ನು ಹೇಳಿಕೊಳ್ಳಲು ಜಾಗವಿದೆಯೇ ಎಂಬುದನ್ನೂ ಪ್ರಶ್ನಾವಳಿಯಲ್ಲಿ ಸೇರಿಸುತ್ತೇನೆ.

ಅನುಕರಣೆಯ ವಿಷಯದಲ್ಲಿ ಡರ್ಖೀಮ್ ತಪ್ಪಿದರು ಎಂದೇ ನನ್ನ ಅಭಿಪ್ರಾಯ. ಅದು ಒಟ್ಟು ದರವನ್ನು ಅಲುಗಿಸುವುದಿಲ್ಲ ಎಂದು ಅವರು ಬದಿಗಿಟ್ಟಿದ್ದರು. ಡೇವಿಡ್ ಫಿಲಿಪ್ಸ್ 1974ರಲ್ಲಿ, ಮುಖಪುಟದಲ್ಲಿ ಆತ್ಮಹತ್ಯೆಯ ಸುದ್ದಿ ಬಂದ ನಂತರ ಸಾವುಗಳು ಏರುವುದನ್ನು ತೋರಿಸಿದರು. ನಮ್ಮ ಬರಹವೂ ಓದುಗರ ಕೈ ಸೇರುವಂಥದ್ದೇ. ವರದಿ ಹೊರಬೀಳುವ ಮುನ್ನ ಇಷ್ಟನ್ನು ನೋಡಿಕೊಳ್ಳುತ್ತೇನೆ: ವಿಧಾನ ಮತ್ತು ಸ್ಥಳದ ವಿವರ ಇರಕೂಡದು, ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಸಾವಿರುವ ಚೌಕಗಳ ಅಂಕಿಯನ್ನು ಮುಚ್ಚಬೇಕು, ಇಲ್ಲವಾದರೆ ಸತ್ತವರ ಗುರುತು ಹತ್ತುತ್ತದೆ, ‘ಸಾವಿಗೆ ಶರಣು’, ‘ಯಶಸ್ವಿ ಯತ್ನ’ ಎಂಬಂಥ ಮಾತು ತೆಗೆದು ‘ಆತ್ಮಹತ್ಯೆಯಿಂದ ಸತ್ತರು’ ಎಂದಷ್ಟೇ ಬರೆಯಬೇಕು, ಒಂದೇ ಕಾರಣ ಹೇಳುವ ವಾಕ್ಯಗಳನ್ನು ಒಡೆಯಬೇಕು. ಓದುವವರ ಊರಿನಲ್ಲಿ ನಡೆಯುತ್ತಿರುವ ಸಹಾಯವಾಣಿಯ ಸಂಖ್ಯೆ ಮೊದಲ ಪುಟದಲ್ಲೇ ಇರಬೇಕು, ಅಚ್ಚಿಗೆ ಕೊಡುವ ದಿನ ಆ ಸಂಖ್ಯೆಗೆ ನಾವೇ ಕರೆ ಮಾಡಿ, ಯಾರಾದರೂ ಎತ್ತುತ್ತಾರೆಯೇ ಎಂದು ನೋಡಿಕೊಂಡಿರಬೇಕು.