ಮೈಕ್ ಕೊಳ್ಳುವ ಮೊದಲು ಕೋಣೆಯಲ್ಲೊಮ್ಮೆ ಚಪ್ಪಾಳೆ ತಟ್ಟಿ

ಮನೆಯಲ್ಲೇ ಪಾಡ್‌ಕಾಸ್ಟ್ ಅಥವಾ ವಿಡಿಯೊ ಮಾಡಹೊರಟವರು ಮೊದಲು ಕೇಳುವುದು ‘ಯಾವ ಮೈಕ್ ಒಳ್ಳೆಯದು?’ ಎಂದು. ಕೋಣೆ ಎಂಥದ್ದು, ಮೈಕನ್ನು ಬಾಯಿಗೆ ಎಷ್ಟು ಹತ್ತಿರ ಇಡಬಹುದು ಎಂಬುದು ಗೊತ್ತಾಗದೆ ಇದಕ್ಕೆ ಉತ್ತರ ಹೇಳುವಂತಿಲ್ಲ.

1. ಕೋಣೆಯ ಪರೀಕ್ಷೆ

ಫ್ಯಾನ್ ಆರಿಸಿ, ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ನಿಂತ ಮೇಲೂ ‘ಣಂಯ್’ ಎಂಬ ಎಳೆ ಉಳಿದರೆ ಆ ಕೋಣೆಯಲ್ಲಿ ದುಬಾರಿ ಮೈಕ್ ಕೂಡ ಬಾವಿಯೊಳಗಿಂದ ಮಾತಾಡಿದಂತೆಯೇ ಕೇಳಿಸುತ್ತದೆ. ಟೈಲ್ಸ್ ನೆಲ, ಖಾಲಿ ಗೋಡೆ, ಗಾಜಿನ ಕಿಟಕಿ ಇರುವ ಹಾಲ್‌ಗಿಂತ ಹಾಸಿಗೆ, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆ ಎಷ್ಟೋ ವಾಸಿ. ದಪ್ಪ ಕೌದಿ ಅಥವಾ ರಗ್ಗು ಇದ್ದರೆ ನೀವು ಕೂರುವ ಜಾಗದ ಬೆನ್ನ ಹಿಂದೆ ತೂಗುಹಾಕಿ. ಬಹುತೇಕರು ಮೈಕಿನ ಹಿಂದಿನ ಗೋಡೆಗೆ ಹಾಕುತ್ತಾರೆ. ಆದರೆ ಕಾರ್ಡಿಯಾಯ್ಡ್ ಮೈಕ್ ಮುಂದಿನಿಂದ ಬರುವ ಸದ್ದನ್ನೇ ಹೆಚ್ಚು ಹಿಡಿಯುವುದರಿಂದ, ನಿಮ್ಮ ಬೆನ್ನ ಹಿಂದಿನ ಗೋಡೆಯ ಪ್ರತಿಧ್ವನಿ ನೇರ ಅದರೊಳಕ್ಕೆ ಹೋಗುತ್ತದೆ.

2. ದೂರ ಗೊತ್ತುಮಾಡಿ

ಬಾಯಿಂದ ಮೈಕಿಗೆ ಇರುವ ದೂರ ಎರಡು ಪಟ್ಟಾದರೆ ನಿಮ್ಮ ದನಿ ಸುಮಾರು 6 ಡೆಸಿಬಲ್ ತಗ್ಗುತ್ತದೆ. ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆಮೇಲೆ ಗೇನ್ (ಮೈಕಿನ ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿದರೆ ಎರಡೂ ಏರುತ್ತವೆ. ಹೀಗಾಗಿ ಮೈಕ್ ವಿಡಿಯೊದ ಚೌಕಟ್ಟಿನಲ್ಲಿ ಕಂಡರೂ ಅಡ್ಡಿಯಿಲ್ಲವೇ ಎಂಬುದನ್ನು ಮೊದಲೇ ತೀರ್ಮಾನಿಸಿ. ಅಡ್ಡಿಯಿಲ್ಲ ಎಂದಾದರೆ 10ರಿಂದ 15 ಸೆಂ.ಮೀ. ದೂರದಲ್ಲಿಟ್ಟು ಮಾತಾಡುವ ಮೈಕ್ ತೆಗೆದುಕೊಳ್ಳಿ. ಕಾಣಬಾರದು ಅಥವಾ ಓಡಾಡಬೇಕು ಎಂದಾದರೆ ಕಾಲರ್ ಮೈಕೇ ದಾರಿ.

3. ಯಾವ ಬಗೆ?

ಆನ್‌ಲೈನ್‌ನಲ್ಲಿ ಸ್ಟ್ಯಾಂಡ್, ಸ್ಪಂಜು ಎಲ್ಲ ಸೇರಿಸಿ ‘ಸ್ಟುಡಿಯೊ ಕಿಟ್’ ಹೆಸರಲ್ಲಿ ಮಾರುವುದು ಸಾಮಾನ್ಯವಾಗಿ ಕಂಡೆನ್ಸರ್ ಮೈಕ್. ಅದು ಸೂಕ್ಷ್ಮಗ್ರಾಹಿ, ಪಕ್ಕದ ಮನೆಯ ಮಿಕ್ಸಿಯನ್ನೂ ಬಿಡುವುದಿಲ್ಲ. ಗೋಡೆಗೆ ಗೋಡೆ ತಾಗಿದ ನಮ್ಮ ಮನೆಗಳಿಗೆ ಡೈನಮಿಕ್ ಮೈಕೇ ಮೇಲು. ಅದನ್ನು ಬಾಯಿ ಹತ್ತಿರ ಇಟ್ಟೇ ಮಾತಾಡಬೇಕು, ಹಾಗಾಗಿ ಹೊರಗಿನ ಗದ್ದಲ ತಾನಾಗಿ ಹಿಂದೆ ಉಳಿಯುತ್ತದೆ. ಫೈಫೈನ್ ಎಎಂ8, ಸ್ಯಾಮ್ಸನ್ ಕ್ಯೂ2ಯು ಇಂಥವು. ಇವುಗಳಲ್ಲಿ ಯುಎಸ್‌ಬಿ, ಎಕ್ಸ್‌ಎಲ್‌ಆರ್ (ಸ್ಟುಡಿಯೊ ಸಲಕರಣೆಗಳ ಮೂರು ಪಿನ್ನಿನ ಜೋಡಣೆ) ಎರಡೂ ಇವೆ. ಈಗ ಲ್ಯಾಪ್‌ಟಾಪ್‌ಗೆ ನೇರ ಚುಚ್ಚಿ, ಮುಂದೆ ಬೇಕೆನಿಸಿದಾಗ ಎಕ್ಸ್‌ಎಲ್‌ಆರ್ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಇಂಟರ್‌ಫೇಸ್ ಕೊಳ್ಳಬಹುದು.

ಕೈ ತೀರಾ ಬಿಗಿಯಿದ್ದರೆ ಬೋಯಾ ಬಿವೈ-ಎಂ1 ಥರದ ವೈರ್ ಇರುವ ಕಾಲರ್ ಮೈಕ್ ಸಾಕು. ಅದರ ವೈರೇ 6 ಮೀಟರ್ ಉದ್ದ. ಒಳಗೆ ಎಲ್‌ಆರ್44 ಬಟನ್ ಸೆಲ್ ಇರುತ್ತದೆ. ಕ್ಯಾಮೆರಾಕ್ಕೆ ಹಾಕಿದಾಗ ಸ್ವಿಚ್ಚನ್ನು ಕ್ಯಾಮೆರಾ ಕಡೆಗೆ ತಳ್ಳಬೇಕು, ಫೋನಿಗೆ ಹಾಕಿದಾಗ ಆಫ್ ಕಡೆಗೆ. ‘ಹೊಸ ಮೈಕ್ ಕೆಲಸವೇ ಮಾಡುತ್ತಿಲ್ಲ’ ಎಂಬ ದೂರುಗಳಲ್ಲಿ ಹಲವು ಈ ಸ್ವಿಚ್ಚಿನಲ್ಲೇ ಮುಗಿಯುತ್ತವೆ. ಮೈಕನ್ನು ಎದೆಯ ಮೇಲೆ, ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ರೇಷ್ಮೆ ಸೀರೆ, ದುಪಟ್ಟಾ, ಕರಿಮಣಿ ಸರ ಅದಕ್ಕೆ ಉಜ್ಜದಂತೆ ನೋಡಿಕೊಳ್ಳಿ. ಆ ಸರಸರ ಸದ್ದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದು ಕಷ್ಟ.

ವೈರ್‌ಲೆಸ್ ಬೇಕಾದರೆ ರಿಸೀವರ್ ಜತೆಗೆ ಬರುವ 2.4 ಗಿಗಾಹರ್ಟ್ಸ್ ಜೋಡಿಯನ್ನು ಕೊಳ್ಳಿ, ಬ್ಲೂಟೂತ್ ಹೆಡ್‌ಸೆಟ್ ಬೇಡ. ಗದ್ದಲ ತಗ್ಗಿಸುವ ಗುಂಡಿಯನ್ನು ಆದಷ್ಟು ಮುಟ್ಟಬೇಡಿ. ಅಗ್ಗದವುಗಳಲ್ಲಿ ಅದು ಪದಗಳ ಕೊನೆಯನ್ನೇ ನುಂಗುತ್ತದೆ.

4. ಪ್ಲಗ್ ಹೊಂದುತ್ತದೆಯೇ?

ಹಣ ಪೋಲಾಗುವುದು ಹೆಚ್ಚಾಗಿ ಇಲ್ಲೇ. ಎಕ್ಸ್‌ಎಲ್‌ಆರ್ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಇಂಟರ್‌ಫೇಸ್ ಅದೇ ವೈರಿನಲ್ಲಿ ಮೈಕಿಗೆ ಕಳಿಸುವ ವಿದ್ಯುತ್) ಬೇಕು. ಬಿಎಂ-800 ಮಾದರಿಯ ಅಗ್ಗದ ಕಂಡೆನ್ಸರ್‌ಗಳನ್ನು ಜತೆಗೆ ಬಂದ ವೈರಿನಲ್ಲಿ ಕಂಪ್ಯೂಟರಿನ ಮೈಕ್ ರಂಧ್ರಕ್ಕೆ ಸಿಕ್ಕಿಸಿದರೆ ದನಿ ಕ್ಷೀಣ, ‘ಹಿಸ್ಸ್’ ಜೋರು. 3.5 ಮಿ.ಮೀ. ಪ್ಲಗ್‌ನಲ್ಲಿ ಕಪ್ಪು ಉಂಗುರ ಎಣಿಸಿ: ಮೂರಿದ್ದರೆ ಫೋನಿನದು, ಎರಡಿದ್ದರೆ ಕ್ಯಾಮೆರಾದ್ದು. ಹೆಡ್‌ಫೋನ್ ರಂಧ್ರವಿಲ್ಲದ ಫೋನಿಗೆ ಟೈಪ್-ಸಿ ಅಡಾಪ್ಟರ್ ಬೇಕು, ಅದು ಡಿಎಸಿ (ಡಿಜಿಟಲ್ ಸಂಕೇತವನ್ನು ಸದ್ದಾಗಿಸುವ ಚಿಪ್) ಇರುವ, ಮೈಕ್ ಇನ್‌ಪುಟ್ ಸಹ ಇರುವಂಥದ್ದೇ ಆಗಿರಬೇಕು. ಒಪ್ಪೊ, ರಿಯಲ್‌ಮಿ ಮುಂತಾದ ಕೆಲವು ಫೋನುಗಳಲ್ಲಿ ಸೆಟಿಂಗ್ಸ್‌ಗೆ ಹೋಗಿ ಒಟಿಜಿ (ಫೋನಿಗೆ ಹೊರಗಿನ ಯುಎಸ್‌ಬಿ ಸಾಧನ ಜೋಡಿಸುವ ಸೌಲಭ್ಯ) ಆನ್ ಮಾಡದಿದ್ದರೆ ಮೈಕ್ ಪತ್ತೆಯಾಗುವುದಿಲ್ಲ. ಫೋನಿನ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ಬಳಸದಿದ್ದರೆ ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್‌ನಲ್ಲಿ ಅದನ್ನು ಆರಿಸಿಕೊಳ್ಳಬಹುದು.

5. ಮರಳಿಸುವ ಅವಧಿಯೊಳಗೆ ಪರೀಕ್ಷೆ

ವಿಡಿಯೊಗಾದರೆ ರೆಕಾರ್ಡಿಂಗ್‌ನ ಸ್ಯಾಂಪಲ್ ರೇಟ್ 48 ಕಿಲೊಹರ್ಟ್ಸ್ ಇಡಿ. ಗಟ್ಟಿಯಾಗಿ ಮಾತಾಡುವಾಗ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಆಡಬೇಕು. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ‘ಭಾಷೆ, ಫಲ, ಪಾಪ, ಭಾರ’ ಎಂದು ಹೇಳಿ ನೋಡಿ. ‘ಡಬ್’ ಎಂದು ಗಾಳಿ ಬಡಿದರೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ, ಮುಖದ ಕಡೆಗೇ ತಿರುಗಿಸಿಡಿ. ಕನ್ನಡದಲ್ಲಿ ಮಹಾಪ್ರಾಣ ಇರುವುದರಿಂದ ಪಾಪ್ ಫಿಲ್ಟರ್‌ಗೆ (ಮೈಕಿನ ಮುಂದಿಟ್ಟು ಬಾಯಿಯ ಗಾಳಿ ತಡೆಯುವ ಜಾಲರಿ) ಇನ್ನೂರು ಮುನ್ನೂರು ರೂಪಾಯಿ ಖರ್ಚು ಮಾಡಿದರೂ ನಷ್ಟವಿಲ್ಲ.

ಆಮೇಲೆ ಎರಡು ನಿಮಿಷ ಏನೂ ಮಾತಾಡದೆ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳಿ. ‘ಗುಂಯ್’ ಎನ್ನುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಮತ್ತೊಮ್ಮೆ ಮಾಡಿ. ಆಗ ನಿಂತರೆ ತಪ್ಪು ಚಾರ್ಜರಿನದು ಅಥವಾ ಮನೆಯ ಅರ್ಥಿಂಗ್‌ನದು. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿಕೊಂಡರಾಯಿತು. ಕೊನೆಗೆ ಪ್ಲಗ್ಗಿನ ಬುಡದಲ್ಲಿ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಕರಕರ ಸದ್ದು ಬಂದರೆ ಡಬ್ಬಕ್ಕೆ ತುಂಬಿ ವಾಪಸ್ ಕಳಿಸಿ.