ರಕ್ತ ಬಿಟ್ಟು ಊಟ ಹಿಡಿದೆ: ಜೋ ಕ್ರಿಸ್ಮಸ್ ಓದಿದ ನನ್ನ ಅನುಭವ

ನನ್ನ ಸಂಶೋಧನಾ ಪೇಪರ್ ಕೊನೆಗೂ ಅಚ್ಚಾಯಿತು. ವಿಷಯ ಅಮೆರಿಕದ ಕಾದಂಬರಿಕಾರ ಫಾಕ್ನರ್‌ನ 'ಲೈಟ್ ಇನ್ ಆಗಸ್ಟ್' (1932): ಅದರ ಮುಖ್ಯ ಪಾತ್ರ ಜೋ ಕ್ರಿಸ್ಮಸ್‌ನ ಜನಾಂಗದ ಗೊಂದಲವನ್ನು ಅವನ ಊಟದ ಮೂಲಕ ಓದೋದು. "ಊಟತಿಂಡಿ ಇಟ್ಕೊಂಡು ಜನಾಂಗದ ಬಗ್ಗೆ ಏನಪ್ಪಾ ಬರೀತೀಯ?" ಅಂತ ಗೈಡ್ ನಕ್ಕಿದ್ದರು. ಈಗ ಅವರೇ ಜೂನಿಯರ್‌ಗಳಿಗೆ ಅದರ ಜೆರಾಕ್ಸ್ ಹಂಚುತ್ತಿದ್ದಾರೆ.

ಮೊದಲು ನಾನೂ ಎಲ್ಲರ ಹಾಗೆ ಫ್ರೆಂಚ್ ಮನೋವಿಶ್ಲೇಷಕ ಲಕಾನ್ ಹಿಡಿದು ಕೂತಿದ್ದೆ. ಕನ್ನಡಿ ಹಂತ (ಮಗು ಕನ್ನಡಿಯಲ್ಲಿ ತನ್ನನ್ನು ಕಂಡು 'ಇದು ನಾನು' ಅಂದುಕೊಳ್ಳೋದು) ಅಂತ ನಲವತ್ತು ಪುಟ ಬರೆದಿರಬೇಕು. ಕಾದಂಬರಿ ಮಾತ್ರ ಬಾಯಿ ಬಿಡಲಿಲ್ಲ. ಆಮೇಲೆ ವರ್ಣಭೇದ ಮನಸ್ಸಿಗೆ ಏನು ಮಾಡುತ್ತೆ ಅಂತ ಬರೆದ ಮನೋವೈದ್ಯ ಫ್ಯಾನನ್. ಅವನ ಪುಸ್ತಕದಲ್ಲಿ ಬಿಳಿ ಮಗುವೊಂದು ಕಪ್ಪು ಮನುಷ್ಯನನ್ನು ತೋರಿಸಿ ಕೂಗುತ್ತದೆ. ಜೋಗೆ ಇದು ಹೊಂದಲ್ಲ. ಅವನು ನೋಡೋಕೆ ಬಿಳಿಯನೇ. ಮೈಯಲ್ಲಿ ಕಪ್ಪು ಜನರ ರಕ್ತ ಇದೆಯೋ ಇಲ್ಲವೋ ಅವನಿಗೂ ಗೊತ್ತಿಲ್ಲ, ಪುಸ್ತಕ ಮುಗಿದರೂ ನಮಗೂ ಗೊತ್ತಾಗಲ್ಲ.

ದಾರಿ ಸಿಕ್ಕಿದ್ದು ಟೂತ್‌ಪೇಸ್ಟಿನಲ್ಲಿ. ಅನಾಥಾಶ್ರಮದಲ್ಲಿ ಊಟ ನೋಡಿಕೊಳ್ಳುವ ಹೆಂಗಸಿನ ಕೋಣೆಗೆ ಐದು ವರ್ಷದ ಜೋ ನುಗ್ಗಿ ಗುಲಾಬಿ ಪೇಸ್ಟ್ ಕದ್ದು ತಿನ್ನುತ್ತಾನೆ. ಅಷ್ಟರಲ್ಲಿ ಅವಳು ಡಾಕ್ಟರ್ ಜೊತೆ ಒಳಗೆ ಬರುತ್ತಾಳೆ. ಹುಡುಗ ಪರದೆ ಹಿಂದೆ ಅವಿತು ಪೇಸ್ಟ್ ಹಿಂಡಿ ಹಿಂಡಿ ನುಂಗಿ, ಕೊನೆಗೆ ವಾಂತಿ ಮಾಡುತ್ತಾನೆ. ಅವಳು ಹೊರಗೆಳೆದು ಜಾತಿ ಎತ್ತಿ ಬೈದ ಹಾಗೆ ಜನಾಂಗ ಎತ್ತಿ ಬೈಯುತ್ತಾಳೆ. ಅಲ್ಲಿ ಏನು ನಡೀತು ಅಂತ ಅವನಿಗೆ ಅರ್ಥವೇ ಆಗಿಲ್ಲ. ಹೊಡೀತಾಳೆ ಅಂತ ಕಾದರೆ, ಬಾಯಿ ಮುಚ್ಚಿಸೋಕೆ ಡಾಲರ್ ಕೊಡಲು ಬರುತ್ತಾಳೆ! ತಿನ್ನೋದು, ಹೆಣ್ಣು, ಬೈಗುಳ, ಮೂರೂ ಅಲ್ಲೇ ಅಂಟಿಕೊಂಡವು. ಏಟು ಬಿದ್ದಾಗ ಅಲ್ಲ, ವರ್ಷಗಳಾದ ಮೇಲೆ ಅರ್ಥ ಬರುತ್ತೆ ಅಂತ ಫ್ರಾಯ್ಡ್ ಹೇಳಿದ್ದು ಇದನ್ನೇ ಅಲ್ವಾ?

ಊಟದ ಒಂದೊಂದು ಸೀನಿಗೆ ಒಂದೊಂದು ಕಾರ್ಡ್ ಮಾಡಿದೆ. ಯಾರು ಕೊಟ್ಟರು, ಇವನು ಏನು ಮಾಡಿದ, ಅಷ್ಟೇ. ಸಾಕುತಾಯಿ ತಂದ ಊಟವನ್ನು ಮೂಲೆಗೆ ಸುರಿಯುತ್ತಾನೆ, ಆಮೇಲೆ ಒಬ್ಬನೇ ಮಂಡಿಯೂರಿ ಅದನ್ನೇ ತಿನ್ನುತ್ತಾನೆ. ದೊಡ್ಡವನಾದ ಮೇಲೆ ಸಂಬಂಧ ಬೆಳೆಸಿದ ಬಿಳಿ ಹೆಂಗಸು ಜೋಆನಾ ಬರ್ಡನ್ ಮನೆಯಲ್ಲಿ ಪಾತ್ರೆಗಳನ್ನು ಗೋಡೆಗೆ ಎಸೆಯುತ್ತಾ, ಇದು ಕರಿಯನಿಗೆ ಅಂತ ಇಟ್ಟ ಊಟ ಅನ್ನುತ್ತಾನೆ. ಈ ಕಾರ್ಡ್ ಬರೆದ ದಿನ ಗೆದ್ದೆ ಅಂದುಕೊಂಡೆ. ಕಾರ್ಡ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನು ದುಡ್ಡು. ಅವೆನ್ಯೂ ರಸ್ತೆಯಲ್ಲಿ ಹಳೇ ಪ್ರತಿ ನೂರು ರೂಪಾಯಿ ಒಳಗೇ ಸಿಕ್ಕಿತ್ತು. ಜೆರಾಕ್ಸಿಗೆ ಎರಡು ಸಾವಿರ ಹೋಗಿರಬಹುದು. ಒಂದು ಜರ್ನಲ್‌ನವರು ಪೇಪರ್ ಓದಿದರೋ ಇಲ್ಲವೋ, ಎರಡೇ ದಿನಕ್ಕೆ ಒಪ್ಪಿಗೆ ಕಳಿಸಿ ಆರು ಸಾವಿರ ಕೇಳಿದರು. ಕೊಡಲಿಲ್ಲ. ದುಡ್ಡು ಕೇಳದ ಕಡೆ ಹತ್ತಿರ ಹತ್ತಿರ ಒಂದೂವರೆ ವರ್ಷ ಕಾದೆ.

ಮಧ್ಯೆ ಸುಮ್ನೆ ಇರಲಾರದೆ ನೆಲ್ಲಾ ಲಾರ್ಸೆನ್ ಅವರ 'ಪಾಸಿಂಗ್' (1929), ಅಂದರೆ ಬಿಳಿಯಳ ಹಾಗೆ ಬದುಕುವ ಕಪ್ಪು ಹೆಣ್ಣು ಕ್ಲೇರ್ ಮತ್ತು ಅವಳ ಗೆಳತಿ ಐರೀನ್‌ ಕಥೆಯ ಕಾದಂಬರಿ, ಅದರ ಮೇಲೂ ಇದೇ ಪಟ್ಟು ಹಾಕಿ ನೋಡಿದೆ. ಐರೀನ್ ಕೈಯಿಂದ ಕಪ್ ಬಿದ್ದು ಒಡೆಯೋದು ಬಿಟ್ಟರೆ ಜಾಸ್ತಿ ಏನೂ ಸಿಗಲಿಲ್ಲ. ಅಲ್ಲಿ ಹಿಡಿಯಬೇಕಾದ್ದು ಐರೀನ್ ಹರಿದು ಹಾಕುವ ಕ್ಲೇರ್‌ಳ ಕಾಗದ ಮತ್ತು ಕ್ಲೇರ್ ಉಡುವ ಬಟ್ಟೆ. ಕೊನೇ ಪಾರ್ಟಿಯ ಕೆಂಪು ಗೌನಿಗೇ ಆಗಲೇ ನಾಲ್ಕೈದು ಕಾರ್ಡ್ ಆಗಿವೆ.